ಬಿಲ್ಲಿಂಗ್ ಕೌಂಟರ್‌ಗಳಲ್ಲಿ ಆರ್.ಎಫ್.ಐ.ಡಿ. ಆಂಟೆನಾ: ವಿನ್ಯಾಸ ಹಾಗೂ ಗ್ರಾಹಕರಿಗೆ ಮಾಹಿತಿ

ಪೀಠಿಕೆ

ಅರೇಹಳ್ಳಿಯಿಂದ ಬೇಲೂರು, ಹಾಸನ ಮಾರ್ಗವಾಗಿ ಬೆಂಗಳೂರಿಗೆ ಕಾರಿನಲ್ಲಿ ಪ್ರಯಾಣಿಸುವವರಿಗೆ ಶಾಂತಿಗ್ರಾಮದ ಟೋಲ್ ಪ್ಲಾಜಾ ಪರಿಚಿತವಾದುದು. ವಾಹನದ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಮೇಲಿನ ಆಂಟೆನಾ ಹೊರಸೂಸುವ ರೇಡಿಯೋ ತರಂಗಗಳಿಂದಲೇ ಅದು ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಇದೇ ರೇಡಿಯೋ ಆವರ್ತನ ಗುರುತಿಸುವಿಕೆ, ಅಂದರೆ ಆರ್.ಎಫ್.ಐ.ಡಿ. ತಂತ್ರಜ್ಞಾನ. ನಗರಗಳ ಕೆಲವು ದೊಡ್ಡ ಮಳಿಗೆಗಳು ಬಿಲ್ಲಿಂಗ್ ಕೌಂಟರ್‌ಗಳಲ್ಲಿಯೂ ಇದನ್ನು ಅಳವಡಿಸಿಕೊಂಡಿವೆ.

ಆವರ್ತನ ಮತ್ತು ಪರವಾನಗಿ

ಕೇಂದ್ರ ಸರ್ಕಾರವು 2005ರಲ್ಲಿ 865-867 ಮೆಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಇಂತಹ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿಗೊಳಿಸಿತು. 2021ರ ನಿಯಮಗಳನ್ವಯ ಈ ಪಟ್ಟಿಯನ್ನು 868 ಮೆಗಾಹರ್ಟ್ಸ್‌ವರೆಗೆ ವಿಸ್ತರಿಸಲಾಗಿದೆ. ಈ ಆವರ್ತನದಲ್ಲಿ ತರಂಗದೂರವು ಸುಮಾರು 35 ಸೆಂ.ಮೀ. ಇರುತ್ತದೆ.

ವಿನ್ಯಾಸದ ಮುಖ್ಯ ಸಮಸ್ಯೆ

ಟೋಲ್ ಪ್ಲಾಜಾದಲ್ಲಿ ಹಲವು ಮೀಟರ್ ದೂರದ ಟ್ಯಾಗನ್ನು ಓದಬೇಕಾಗುತ್ತದೆ. ಕೌಂಟರ್‌ನಲ್ಲಿಯಾದರೋ ಮೇಜಿನ ಮೇಲಿರುವ ವಸ್ತುಗಳನ್ನು ಮಾತ್ರ ಓದಬೇಕು. ವ್ಯಾಪ್ತಿ ಮಿತಿಮೀರಿದಲ್ಲಿ ಸರದಿಯಲ್ಲಿ ಹಿಂದೆ ನಿಂತವರ ಸಾಮಗ್ರಿಯ ಬೆಲೆಯೂ ಗ್ರಾಹಕರ ಬಿಲ್ಲಿಗೆ ಸೇರಬಹುದು. ಆದುದರಿಂದ ಇಲ್ಲಿ ಉತ್ತಮ ಆಂಟೆನಾ ಎಂದರೆ ದೂರ ಓದುವುದಲ್ಲ, ಎಲ್ಲೆಯೊಳಗೆ ತಪ್ಪದೆ ಓದುವುದು.

ಪರಿಹಾರೋಪಾಯಗಳು

1. ಸಮೀಪಕ್ಷೇತ್ರದ ಲೂಪ್ ಆಂಟೆನಾ: ಇದರ ಕಾಂತಕ್ಷೇತ್ರವು ದೂರ ಹೆಚ್ಚಿದಂತೆ ಶೀಘ್ರವಾಗಿ ಕುಂದುವುದರಿಂದ ಆಚೆಯ ಟ್ಯಾಗ್‌ಗಳು ಎಚ್ಚರಗೊಳ್ಳುವುದಿಲ್ಲ. ಆದರೆ ಲೂಪಿನ ಸುತ್ತಳತೆಯು ತರಂಗದೂರವನ್ನು ಸಮೀಪಿಸಿದರೆ ಪ್ರವಾಹವು ಒಂದೆಡೆ ದಿಕ್ಕು ಬದಲಿಸಿ ನಡುವಿನ ಕ್ಷೇತ್ರವನ್ನು ಕುಗ್ಗಿಸುತ್ತದೆ. ಲೂಪನ್ನು ಸಣ್ಣ ತುಂಡುಗಳಾಗಿ ವಿಭಜಿಸಿ, ನಡುವೆ ಕಿರಿದಾದ ಅಂತರವಿಟ್ಟು ಜೋಡಿಸುವ ಮೂಲಕ ಈ ದೋಷವನ್ನು ನಿವಾರಿಸಲಾಗುತ್ತದೆ.

2. ವೃತ್ತೀಯ ಧ್ರುವೀಕರಣ: ದೂರ ಓದುವ ಆಂಟೆನಾಗಳಲ್ಲಿ ಟ್ಯಾಗ್ ಅಡ್ಡಲಾಗಿದ್ದರೂ ಉದ್ದಲಾಗಿದ್ದರೂ ಓದಲು ಇದು ಸಹಾಯಕ. ಇದಕ್ಕಾಗಿ ಸುಮಾರು ಅರ್ಧದಷ್ಟು ಶಕ್ತಿಯನ್ನು ತ್ಯಜಿಸಬೇಕಾಗುತ್ತದೆ.

3. ಲೋಹದ ತಡೆ: ಮೇಜಿನ ಕೆಳಗೆ ಹಾಗೂ ಬದಿಗಳಲ್ಲಿ ಅಳವಡಿಸುವ ಲೋಹದ ಹಾಳೆಯು ತರಂಗಗಳು ಹೊರಹೋಗುವುದನ್ನು ತಡೆಯುತ್ತದೆ.

ಮಿತಿಗಳು

ಅಲ್ಯೂಮಿನಿಯಂ ಹಾಳೆಯ ಕಾಫಿಪುಡಿ ಪೊಟ್ಟಣಕ್ಕೆ ಅಂಟಿಸಿದ ಸಾಧಾರಣ ಟ್ಯಾಗ್ ಓದಲಾಗದೆ ಉಳಿಯಬಹುದು. ಲೋಹವು ತರಂಗಗಳನ್ನು ಪ್ರತಿಫಲಿಸುವುದಲ್ಲದೆ ಟ್ಯಾಗಿನ ಶ್ರುತಿಯನ್ನೂ ಕೆಡಿಸುತ್ತದೆ. ಹಣ್ಣಿನ ರಸದ ಶೀಶೆಯಲ್ಲಿರುವ ನೀರು ತರಂಗಗಳನ್ನು ಹೀರಿಕೊಳ್ಳುತ್ತದೆ. ಬಟ್ಟೆಗಳಲ್ಲಿ ಈ ತೊಂದರೆ ಅತ್ಯಲ್ಪ. ಕಾಫಿ ಬೆಳೆಯುವ ಅರೇಹಳ್ಳಿಯಂತಹ ಪ್ರದೇಶಗಳ ವರ್ತಕರು ಈ ಅಂಶವನ್ನು ಗಮನದಲ್ಲಿರಿಸಿಕೊಂಡು, ಅಂತಹ ಪೊಟ್ಟಣಗಳಿಗೆ ಬಾರ್‌ಕೋಡನ್ನು ಮುಂದುವರಿಸುವುದು ಸೂಕ್ತ.

ಗ್ರಾಹಕರ ಗಮನಕ್ಕೆ

ಹಣ ಪಾವತಿಸುವ ಮುನ್ನ ಪರದೆಯಲ್ಲಿ ಕಾಣುವ ವಸ್ತುಗಳ ಸಂಖ್ಯೆಯನ್ನು ಎಣಿಸಿ ನೋಡತಕ್ಕದ್ದು. ಬಿಲ್ಲನ್ನು ತಪ್ಪದೇ ಪಡೆಯತಕ್ಕದ್ದು. ಬಿಲ್ ನೀಡದಿರುವುದು ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರನ್ವಯ ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ. ದೂರುಗಳಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದಾಗಿದೆ.