ಕಿಲ್ಲಾರಿಯಿಂದ ಕಲ್ಯಾಣಕ್ಕೆ ಬಂದ ಅಲೆಗಳು

ಬಸವಕಲ್ಯಾಣ: 1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಗಣೇಶ ವಿಸರ್ಜನೆ ಮುಗಿಸಿ ಜನರು ಮಲಗಿದ್ದ ಹೊತ್ತಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ನೆಲದಡಿಯ ಶಿಲೆ ಬಿರಿಯಿತು. 6.2 ತೀವ್ರತೆಯ ಆ ಭೂಕಂಪಕ್ಕೆ ಬಲಿಯಾದವರು ಸುಮಾರು 10 ಸಾವಿರ ಮಂದಿ. ನೇರ ದೂರದಲ್ಲಿ ಕಿಲ್ಲಾರಿಗೆ ಬಸವಕಲ್ಯಾಣ 40 ಕಿ.ಮೀ. ಆಸುಪಾಸು, ಹುಮನಾಬಾದ್ ಸುಮಾರು 65 ಕಿ.ಮೀ. ಗಡಿಯಾಚೆ ಬಿರಿದ ಶಿಲೆಗೆ ಇಲ್ಲಿಯ ಮನೆಗಳೇಕೆ ನಡುಗಿದವು?

ಕಿಲ್ಲಾರಿಯ ಮಣ್ಣಿನ ಒಂದು ಕಣವೂ ಇಲ್ಲಿಗೆ ಬರಲಿಲ್ಲ; ಬಂದದ್ದು ಶಕ್ತಿ ಮಾತ್ರ. ಮಾಧ್ಯಮದ ಕಣಗಳು ತಮ್ಮ ನೆಲೆಯಲ್ಲೇ ಅಲುಗುತ್ತ ಶಕ್ತಿಯನ್ನು ಮುಂದಕ್ಕೆ ದಾಟಿಸುವ ಈ ಕ್ರಿಯೆಗೆ ಯಾಂತ್ರಿಕ ತರಂಗವೆಂದು ಹೆಸರು. ಬಸವಕಲ್ಯಾಣದ ತ್ರಿಪುರಾಂತ ಕೆರೆಗೆ ಕಲ್ಲೆಸೆದು ನೋಡಿ. ಅಲೆ ದಡಕ್ಕೆ ಬರುತ್ತದೆ. ತೇಲುವ ಎಲೆ ಇದ್ದಲ್ಲೇ ಏಳುತ್ತ ಬೀಳುತ್ತ ಇರುತ್ತದೆ. ಬೆಳಕು ಶೂನ್ಯದಲ್ಲಿಯೂ ಸಾಗಬಲ್ಲದು, ಯಾಂತ್ರಿಕ ತರಂಗಕ್ಕೆ ಮಾಧ್ಯಮ ಬೇಕೇ ಬೇಕು.

ಭೂಕಂಪದಲ್ಲಿ ಮೊದಲು ತಲುಪುವುದು ನೀಳ ತರಂಗ. ಇದರಲ್ಲಿ ಕಣಗಳು ಅಲೆ ಸಾಗುವ ದಿಕ್ಕಿನಲ್ಲೇ ಹಿಂದೆಮುಂದೆ ಅಲುಗುತ್ತವೆ. ಗಾಳಿಯಲ್ಲಿ ಸಾಗುವ ಶಬ್ದವೂ ಇದೇ ಜಾತಿಯದು. ಅನಂತರ ಬರುವುದು ಅಡ್ಡ ತರಂಗ. ಇಲ್ಲಿ ಕಣಗಳ ಚಲನೆ ಅಲೆಯ ದಿಕ್ಕಿಗೆ ಲಂಬವಾಗಿರುತ್ತದೆ. ದ್ರವಕ್ಕೆ ತನ್ನ ಆಕಾರ ಕಾಯ್ದುಕೊಳ್ಳುವ ಬಿಗಿತವಿಲ್ಲದ ಕಾರಣ ಅಡ್ಡ ತರಂಗ ಅದರೊಳಗೆ ಸಾಗಲಾರದು. ಮೂರನೆಯದು, ನೆಲದ ಮೇಲ್ಪದರವನ್ನೇ ಹಿಡಿದು ಹೋಗುವ ಮೇಲ್ಮೈ ತರಂಗ. 1897ರ ಅಸ್ಸಾಂ ಭೂಕಂಪದ ದಾಖಲೆಗಳಲ್ಲಿ ಈ ಮೂರನ್ನೂ ಬೇರ್ಪಡಿಸಿ ಗುರುತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಆರ್.ಡಿ. ಓಲ್ಡ್‌ಹ್ಯಾಮ್.

ಗಟ್ಟಿ ಶಿಲೆಯಲ್ಲಿ ನೀಳ ತರಂಗದ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ., ಅಡ್ಡ ತರಂಗದ್ದು ಸುಮಾರು 3.5 ಕಿ.ಮೀ. ಲೆಕ್ಕ ಹಾಕಿದರೆ ಬಸವಕಲ್ಯಾಣಕ್ಕೆ ಮೊದಲ ಅಲೆ 7 ಸೆಕೆಂಡಿನಲ್ಲಿಯೂ ಎರಡನೆಯದು 11-12 ಸೆಕೆಂಡಿನಲ್ಲಿಯೂ ಮುಟ್ಟಬೇಕು. ಹುಮನಾಬಾದಿನಲ್ಲಿ ಈ ಅಂತರ ಸುಮಾರು 8 ಸೆಕೆಂಡ್. ಹೆಚ್ಚು ಹಾನಿ ಮಾಡುವುದು ತಡವಾಗಿ ಬರುವ ಅಲೆಗಳೇ. ಮೊದಲ ಅಲೆಯನ್ನು ಗುರುತಿಸಿ ಎಚ್ಚರಿಸುವ ಯಂತ್ರಗಳೆಲ್ಲ ನೆಚ್ಚಿಕೊಂಡಿರುವುದು ಈ ಅಲ್ಪ ಬಿಡುವನ್ನೇ.

ವೇಗವೆಂದರೆ ಆವೃತ್ತಿ ಮತ್ತು ತರಂಗದೂರಗಳ ಗುಣಲಬ್ಧ. ಸೆಕೆಂಡಿಗೆ 5 ಬಾರಿ ಕಂಪಿಸುವ ಅಡ್ಡ ತರಂಗದ ಎರಡು ಉಬ್ಬುಗಳ ನಡುವೆ ಶಿಲೆಯಲ್ಲಿ 700 ಮೀಟರ್ ಅಂತರವಿರುತ್ತದೆ. ದೂರ ಹೋದಂತೆ ಶಕ್ತಿ ಹರಡಿ ಅಲುಗಾಟ ಕುಗ್ಗುತ್ತದೆ. ಆದರೆ ಗಟ್ಟಿ ಶಿಲೆಯಿಂದ ಸಡಿಲ ಮಣ್ಣಿಗೆ ಹೊಕ್ಕಾಗ ಅಲೆಯ ವೇಗ ತಗ್ಗಿ, ಅಲುಗಾಟ ಹಿಗ್ಗುವುದುಂಟು. ಒಂದೇ ಊರಿನಲ್ಲಿ ಒಂದು ಓಣಿ ಹೆಚ್ಚು ನಡುಗಲು ಇದೂ ಒಂದು ಕಾರಣ.

ಆವೃತ್ತಿ 20ನ್ನು ಮೀರಿದರೆ ಕಂಪನವು ಕಿವಿಗೂ ಕೇಳಿಸತೊಡಗುತ್ತದೆ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನರನ್ನು ಮನೆಯಿಂದ ಹೊರಗೋಡಿಸಿದ ಭೂಗರ್ಭದ ಸದ್ದನ್ನು ಹೀಗೆ ವಿವರಿಸಬಹುದು: ಹೆಚ್ಚು ಆಳವಿಲ್ಲದ ಕಡೆ ಬಿರುಕು ಉಂಟಾದಾಗ ಹೊಮ್ಮುವ ನೀಳ ತರಂಗ ನೆಲವನ್ನು ದಾಟಿ ಗಾಳಿಗೆ ಸೇರಿ ಶಬ್ದವಾಗುತ್ತದೆ.

ಕಿಲ್ಲಾರಿಯಲ್ಲಿ ಜೀವ ತೆಗೆದದ್ದು ಅಲೆಗಿಂತ ಮಿಗಿಲಾಗಿ ಗೋಡೆ. ಕಲ್ಲು-ಮಣ್ಣಿನ ದಪ್ಪ ಗೋಡೆಯ ಒಳಮೈ ಹೊರಮೈಗಳು ಅಡ್ಡ ಅಲುಗಾಟಕ್ಕೆ ಬೇರೆಯಾದವು, ಭಾರವಾದ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ ಕುಸಿಯಿತು. ಬೀದರ್ ಸೀಮೆಯ ಹಳೆಯ ಮಾಳಿಗೆ ಮನೆಗಳೂ ಇದೇ ಮಾದರಿಯವು. ಗೋಡೆಯ ಎರಡೂ ಮೈಗಳನ್ನು ಹಿಡಿದಿಡುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಟ್ಟು, ಬಾಗಿಲಿನ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಬ್ಬಿಣ-ಕಾಂಕ್ರೀಟಿನ ಪಟ್ಟಿ ಕಟ್ಟಿದರೆ ಗೋಡೆಗಳು ಒಟ್ಟಾಗಿ ಅಲುಗುತ್ತವೆ, ಬೇರೆಬೇರೆಯಾಗಿ ಬೀಳುವುದಿಲ್ಲ.