ಸಂಸಾರದ ವಾಹನಕ್ಕೆ ಎರಡು ಲೆಕ್ಕ

ಹೊಸ ಎಸ್.ಯು.ವಿ. ಮನೆಗೆ ಬಂದ ದಿನ ಕೀಲಿಕೈಯ ಜೊತೆಯಲ್ಲಿ ನಿಮ್ಮ ಕೈಗೆ ಒಂದು ಪುಸ್ತಕವನ್ನೂ ಕೊಟ್ಟಿರುತ್ತಾರೆ. ಪೂಜೆಯಾಗಿ, ಚಕ್ರಗಳು ನಿಂಬೆಹಣ್ಣಿನ ಮೇಲೆ ಹಾದು, ಮನೆಮಂದಿಯೆಲ್ಲ ಒಂದು ಸುತ್ತು ಹೋಗಿ ಬರುವ ಸಂಭ್ರಮದಲ್ಲಿ ಆ ಪುಸ್ತಕ ಮುಂದುಗಡೆಯ ಪೆಟ್ಟಿಗೆಯನ್ನು ಸೇರುತ್ತದೆ. ವಿಮೆಯ ಕಾಗದ, ಪೆಟ್ರೋಲ್ ಬಂಕಿನ ಚೀಟಿ, ಮಕ್ಕಳ ಚಾಕೊಲೇಟಿನ ಹಾಳೆ, ಇವುಗಳ ಅಡಿಯಲ್ಲಿ ಅದು ವರ್ಷಾನುಗಟ್ಟಲೆ ಸುಖವಾಗಿ ಮಲಗಿರುತ್ತದೆ. ಇಂದು ಅದನ್ನು ಹೊರಗೆ ತೆಗೆಯಿರಿ. ಅದರಲ್ಲಿ ಒಂದು ಕೋಷ್ಟಕವಿದೆ. ಎಡಗಡೆ ವಾಹನದ ಭಾಗಗಳ ಹೆಸರು. ಮೇಲುಗಡೆ ಕಿಲೋಮೀಟರುಗಳು, ಅದರ ಕೆಳಗೆ ತಿಂಗಳುಗಳು. ನಡುವಣ ಮನೆಗಳಲ್ಲಿ ‘ಪರೀಕ್ಷಿಸಿ’, ‘ಬದಲಾಯಿಸಿ’ ಎಂಬುದಕ್ಕೆ ಒಂದೊಂದು ಗುರುತು. ನಿಮ್ಮ ವಾಹನದ ಆಯುಷ್ಯವೂ ಅದರಲ್ಲಿ ಕುಳಿತವರ ಕ್ಷೇಮವೂ ಬಹುಮಟ್ಟಿಗೆ ಈ ಪುಟವನ್ನು ಅವಲಂಬಿಸಿವೆ.

ಕೋಷ್ಟಕದ ತಲೆಯ ಮೇಲೆ ‘10,000 ಕಿಲೋಮೀಟರು ಅಥವಾ 12 ತಿಂಗಳು, ಯಾವುದು ಮೊದಲೋ ಅದು’ ಎಂಬ ಮಾದರಿಯ ಒಂದು ಸಾಲಿರುತ್ತದೆ. ಅಂಕಿಗಳು ತಯಾರಕರಿಂದ ತಯಾರಕರಿಗೆ, ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾಗುತ್ತವೆ. ನಿಮ್ಮ ಪುಸ್ತಕ ಹೇಳಿದ್ದೇ ನಿಮಗೆ ಪ್ರಮಾಣ. ಆದರೆ ಲೆಕ್ಕಗಳು ಎರಡು ಎಂಬುದರಲ್ಲಿ ಹೆಚ್ಚು ಭೇದವಿಲ್ಲ. ನಮ್ಮಲ್ಲಿ ಬಹುಮಂದಿ ಮೊದಲನೆಯ ಲೆಕ್ಕವನ್ನು ಒಪ್ಪುತ್ತಾರೆ, ಎರಡನೆಯದನ್ನು ಒಪ್ಪುವುದಿಲ್ಲ. ‘ಭಾನುವಾರ ದೇವಸ್ಥಾನಕ್ಕೆ, ನಡುವೆ ಒಮ್ಮೆ ಪೇಟೆಗೆ ತೆಗೆಯುತ್ತೇವೆ, ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರೂ ಆಗುವುದಿಲ್ಲ. ಓಡದೆ ನಿಂತದ್ದು ಸವೆಯುವುದು ಹೇಗೆ?’ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ವಾಹನದ ಒಳಗಿರುವ ದ್ರವಗಳಲ್ಲಿ ಮತ್ತು ರಬ್ಬರಿನಲ್ಲಿ ಇದೆ.

ಮೊದಲು ಎಂಜಿನ್ ಆಯಿಲನ್ನು ತೆಗೆದುಕೊಳ್ಳೋಣ. ಉಜ್ಜಾಡುವ ಲೋಹಗಳ ನಡುವೆ ತೆಳುವಾದ ಪದರವಾಗಿ ನಿಂತು ಸವೆತವನ್ನು ತಡೆಯುವುದು ಅದರ ಮುಖ್ಯ ಕೆಲಸ. ಜೊತೆಗೆ ಅದು ಶಾಖವನ್ನು ಹೊತ್ತೊಯ್ಯುತ್ತದೆ. ಮಸಿಯನ್ನೂ ಕೊಳೆಯನ್ನೂ ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನ ಎಣ್ಣೆ ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾದರೆ ಗಾಬರಿಪಡಬೇಕಾಗಿಲ್ಲ. ಅದು ಮಸಿಯನ್ನು ಹಿಡಿಯುವ ತನ್ನ ಕೆಲಸವನ್ನು ಮಾಡುತ್ತಿದೆ ಎಂದರ್ಥ. ಬಣ್ಣ ನೋಡಿ ಎಣ್ಣೆಯ ಯೋಗ್ಯತೆಯನ್ನು ಹೇಳಲು ಬರುವುದಿಲ್ಲ. ಆದ್ದರಿಂದಲೇ ಲೆಕ್ಕ ಬೇಕು.

ಇನ್ನು ಕಡಮೆ ಓಡುವ ವಾಹನದ ಮಾತು. ಇಂಧನ ಉರಿದಾಗ ಹೊಗೆಯ ಜೊತೆಗೆ ನೀರಿನ ಆವಿಯೂ ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಎಂಜಿನ್ನು ಚೆನ್ನಾಗಿ ಕಾದು, ಎಣ್ಣೆಯೊಳಗೆ ಸೇರಿದ ತೇವ ಹಾರಿಹೋಗುತ್ತದೆ. ಎರಡು ಕಿಲೋಮೀಟರು ಹೋಗಿ ನಿಲ್ಲಿಸಿ, ಮತ್ತೆ ಎರಡು ಕಿಲೋಮೀಟರು ಬಂದು ನಿಲ್ಲಿಸುವ ವಾಹನದಲ್ಲಿ ಎಣ್ಣೆ ಕಾಯುವುದೇ ಇಲ್ಲ. ತೇವವೂ ಅರೆಬೆಂದ ಇಂಧನವೂ ಅಲ್ಲೇ ಉಳಿದು ಎಣ್ಣೆಯನ್ನು ಕೆಡಿಸುತ್ತವೆ. ಮೀಟರಿನಲ್ಲಿ ಅಂಕಿ ಏರದಿದ್ದರೂ ಎಣ್ಣೆ ಹಳತಾಗುತ್ತದೆ. ಶಾಲೆಗೆ, ತರಕಾರಿಗೆ, ಕಚೇರಿಗೆ ಎಂದು ಊರೊಳಗೇ ಸುತ್ತುವ ವಾಹನಕ್ಕೆ ತಿಂಗಳ ಲೆಕ್ಕ ಹೆಚ್ಚು ಮುಖ್ಯವಾಗುವುದು ಇದರಿಂದಲೇ.

ಭಾರತದಲ್ಲಿ 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಒಂದು ಶೋಧಕ ಸೇರಿದೆ. ಅದನ್ನು ಗ್ಯಾರೇಜಿನವರು ಡಿ.ಪಿ.ಎಫ್. ಎನ್ನುತ್ತಾರೆ. ಅದು ತುಂಬುತ್ತ ಬಂದಾಗ ಎಂಜಿನ್ನು ತಾನಾಗಿಯೇ ಸ್ವಲ್ಪ ಹೆಚ್ಚು ಡೀಸೆಲನ್ನು ಬಿಟ್ಟು, ಶಾಖವನ್ನೇರಿಸಿ, ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡುವ ಅವಕಾಶ ಬೇಕು. ಪ್ರತಿ ಬಾರಿಯೂ ಕೆಲಸ ಅರ್ಧವಾಗಿರುವಾಗಲೇ ಎಂಜಿನ್ನನ್ನು ನಿಲ್ಲಿಸಿದರೆ ಶೋಧಕ ಕಟ್ಟಿಕೊಳ್ಳುತ್ತದೆ. ಅನೇಕ ಎಂಜಿನ್ನುಗಳಲ್ಲಿ ಆ ಹೆಚ್ಚಿನ ಡೀಸೆಲು ಕೆಳಗಿಳಿದು ಎಣ್ಣೆಯೊಳಗೇ ಸೇರುತ್ತದೆ. ಡಿಪ್‌ಸ್ಟಿಕ್ ಎಂಬ ಅಳತೆಕಡ್ಡಿಯಲ್ಲಿ ಎಣ್ಣೆಯ ಮಟ್ಟ ಇಳಿಯುವ ಬದಲು ಏರಿದ್ದು ಕಂಡರೆ ಸಂತೋಷಪಡಬೇಡಿ, ಗ್ಯಾರೇಜಿಗೆ ತೋರಿಸಿ. ಎಣ್ಣೆಯನ್ನು ಹಾಕಿಸುವಾಗಲೂ ಪುಸ್ತಕದಲ್ಲಿ ಬರೆದ ದರ್ಜೆಯನ್ನೇ ಕೇಳಿ. ಡಿ.ಪಿ.ಎಫ್. ಇರುವ ವಾಹನಗಳಿಗೆ ಬೂದಿ ಕಡಮೆ ಉಳಿಯುವ ಬೇರೆ ಬಗೆಯ ಎಣ್ಣೆ ಬೇಕಾಗುತ್ತದೆ.

ಕೋಷ್ಟಕದ ಪಕ್ಕದಲ್ಲಿಯೋ ಕೆಳಗೋ ‘ಕಠಿಣ ಬಳಕೆ’ ಎಂಬ ಇನ್ನೊಂದು ಪಟ್ಟಿ ಇರುವುದುಂಟು. ಧೂಳಿನ ರಸ್ತೆ, ಮೇಲಿಂದ ಮೇಲೆ ಗಿಡ್ಡ ಪ್ರಯಾಣ, ನಿಂತು ನಿಂತು ಸಾಗುವ ದಟ್ಟಣೆ, ತುಂಬಿದ ಭಾರ, ಬೆಟ್ಟದ ದಾರಿ, ಇವು ಆ ಪಟ್ಟಿಗೆ ಸೇರುತ್ತವೆ. ಅದನ್ನು ಓದಿದವರು ‘ಇದು ಲಾರಿಯವರಿಗೆ ಬರೆದದ್ದು’ ಎಂದು ಮುಂದೆ ಹೋಗುತ್ತಾರೆ. ನಿಮ್ಮ ವಾರದ ಓಡಾಟವನ್ನು ಒಮ್ಮೆ ನೆನೆದುಕೊಳ್ಳಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ದಿನಾ ತೆವಳುವ ಕಾರೂ, ರಾಯಚೂರಿನ ಬೇಸಗೆಯ ಧೂಳಿನಲ್ಲಿ ಓಡುವ ಕಾರೂ, ಮಡಿಕೇರಿಯ ಏರಿಳಿತದಲ್ಲಿ ದುಡಿಯುವ ಕಾರೂ ಆ ಪಟ್ಟಿಗೇ ಸೇರಿದವು. ಅಂಥವಕ್ಕೆ ಸೇವೆಯ ಅವಧಿಯನ್ನು ಪುಸ್ತಕವೇ ಕಡಮೆ ಮಾಡಿರುತ್ತದೆ.

ಎಣ್ಣೆ ಕೆಟ್ಟರೆ ಎಂಜಿನ್ನಿಗೆ ನಷ್ಟ. ಬ್ರೇಕಿನ ದ್ರವ ಕೆಟ್ಟರೆ ಆಗುವ ನಷ್ಟ ಬೇರೆ. ಬ್ರೇಕು ತುಳಿದಾಗ ನಿಮ್ಮ ಪಾದದ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವುದು ಈ ದ್ರವವೇ. ದ್ರವವನ್ನು ಅದುಮಿ ಕಿರಿದುಮಾಡಲು ಆಗುವುದಿಲ್ಲವಾದ್ದರಿಂದ ಒತ್ತಡ ಹಾಗೆಯೇ ಆ ತುದಿಗೆ ತಲಪುತ್ತದೆ. ಆದರೆ ಸಾಮಾನ್ಯವಾಗಿ ಬಳಸುವ ಬ್ರೇಕ್ ದ್ರವಕ್ಕೆ ತೇವವನ್ನು ಹೀರುವ ಸ್ವಭಾವವಿದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ಹೇಗೆ ನೀರೊಡೆಯುತ್ತದೆಯೋ ಹಾಗೆ, ಇದೂ ರಬ್ಬರಿನ ಕೊಳವೆಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ವಾಹನ ಓಡಲಿ, ಷೆಡ್ಡಿನಲ್ಲಿ ನಿಂತಿರಲಿ, ಇದಕ್ಕೆ ಭೇದವಿಲ್ಲ.

ತೇವ ಸೇರಿದರೇನು? ಡಾಟ್ 4 ಎಂಬ ದರ್ಜೆಯ ಹೊಸ ದ್ರವ 230 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಕೂಡದೆಂದು ಕಟ್ಟಳೆ. ಅದರಲ್ಲಿ ನೂರಕ್ಕೆ ಸುಮಾರು 3.7 ಪಾಲು ನೀರು ಸೇರಿದ ಸ್ಥಿತಿಗೆ ಕಟ್ಟಳೆಯಲ್ಲಿ ಹೇಳಿರುವ ಮಿತಿ 155 ಡಿಗ್ರಿ ಮಾತ್ರ. ಊರಿನ ಬೀದಿಯಲ್ಲಿ ಈ ವ್ಯತ್ಯಾಸ ನಿಮಗೆ ತಿಳಿಯುವುದೇ ಇಲ್ಲ. ಬ್ರೇಕು ಎಂದಿನಂತೆ ಚೆನ್ನಾಗಿಯೇ ಹಿಡಿಯುತ್ತದೆ.

ಈಗ ಬೇಸಗೆ ರಜೆಯಲ್ಲಿ ಆಗುಂಬೆಯಿಂದ ಸೋಮೇಶ್ವರಕ್ಕೋ, ಕೊಟ್ಟಿಗೆಹಾರದಿಂದ ಚಾರ್ಮಾಡಿಗೋ ಇಳಿಯುತ್ತಿದ್ದೀರಿ ಎನ್ನಿ. ಏಳು ಜನ, ಅವರ ಗಂಟುಮೂಟೆ. ತಿರುವಿನ ಮೇಲೆ ತಿರುವು. ಪಾದ ಬ್ರೇಕಿನಿಂದ ಏಳುವುದೇ ಇಲ್ಲ. ಭಾರವಾದ ವಾಹನ ಕೆಳಗಿಳಿಯುವ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ. ಆ ಶಾಖ ದ್ರವಕ್ಕೆ ಹರಿಯುತ್ತದೆ. ತೇವ ಹೀರಿದ ದ್ರವ ಕುದಿದು, ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವ ಅದುಮಿದರೆ ಕಿರಿದಾಗದು, ಆವಿ ಕಿರಿದಾಗುತ್ತದೆ. ಆಗ ನೀವು ತುಳಿದಷ್ಟೂ ಪೆಡಲು ಮೆತ್ತಗೆ ಕೆಳಗೆ ಹೋಗುತ್ತದೆ, ಚಕ್ರ ನಿಲ್ಲುವುದಿಲ್ಲ. ಅರ್ಧ ಗಂಟೆ ತಣ್ಣಗಾದ ಮೇಲೆ ನೋಡಿದರೆ ಬ್ರೇಕು ಮತ್ತೆ ಸರಿಯಾಗಿರುತ್ತದೆ! ಈ ದೋಷ ಮುಂಚಿತವಾಗಿ ಶಬ್ದಮಾಡಿ ಎಚ್ಚರಿಸುವುದಿಲ್ಲ. ಬಹಳಷ್ಟು ಪುಸ್ತಕಗಳು ಈ ದ್ರವವನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ ಎನ್ನುವುದು ಇದಕ್ಕಾಗಿ. ಡಬ್ಬಿಯ ಮಟ್ಟ ನೋಡಿ ಮೇಲೆ ಒಂದಿಷ್ಟು ಸುರಿದರೆ ಅದು ಬದಲಾಯಿಸಿದಂತಲ್ಲ.

ಒಳ್ಳೆಯ ದ್ರವವಿದ್ದರೂ ಘಟ್ಟ ಇಳಿಯುವಾಗ ಸಣ್ಣ ಗೇರಿನಲ್ಲಿ ಇಳಿಯತಕ್ಕದ್ದು. ಎಂಜಿನ್ನೇ ವಾಹನವನ್ನು ಹಿಂದಕ್ಕೆ ಹಿಡಿಯುತ್ತದೆ, ಬ್ರೇಕಿಗೆ ವಿಶ್ರಾಂತಿ ಸಿಗುತ್ತದೆ. ಎಣ್ಣೆ ಉಳಿಯುತ್ತದೆಂದು ಗೇರು ತಪ್ಪಿಸಿ ಇಳಿಯುವ ಹಳೆಯ ಅಭ್ಯಾಸ ಅಪಾಯಕರ. ಬ್ರೇಕ್ ಪ್ಯಾಡುಗಳ ದಪ್ಪವನ್ನು ಸೇವೆಯ ದಿನ ಮಿಲಿಮೀಟರಿನಲ್ಲಿ ಅಳೆದು ಬರೆದುಕೊಡುವಂತೆ ಕೇಳಿ. ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕಿದ್ದರೆ ಅವನ್ನು ಬಿಚ್ಚಿ ನೋಡಿದರೋ ಇಲ್ಲವೋ ಎಂದೂ ಕೇಳಿ. ಹೊರಗಿನಿಂದ ಅದು ಕಾಣದು.

ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಎಂಬ ದ್ರವದ ಕಥೆಯೂ ಇಂಥದೇ. ಅದರಲ್ಲಿ ತುಕ್ಕನ್ನು ತಡೆಯುವ ರಾಸಾಯನಿಕಗಳಿವೆ. ವರ್ಷಗಳು ಕಳೆದಂತೆ ಅವು ಮುಗಿದುಹೋಗುತ್ತವೆ. ಬಣ್ಣ ಉಳಿದಿರಬಹುದು, ಗುಣ ಉಳಿದಿರುವುದಿಲ್ಲ. ಮಟ್ಟ ಇಳಿದಾಗ ಬೋರ್‌ವೆಲ್ಲಿನ ಗಡಸು ನೀರನ್ನು ಸುರಿದರೆ, ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿಯ ಪೊರೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಎಂಜಿನ್ನು ಬಿಸಿಯಾಗಿರುವಾಗ ಆ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಒತ್ತಡದಲ್ಲಿ ಕಾದ ದ್ರವ ಮುಖಕ್ಕೆ ಚಿಮ್ಮುತ್ತದೆ.

ಟೈರುಗಳಿಗೂ ಎರಡು ಲೆಕ್ಕ. ಓಡಿದಷ್ಟು ಸವೆಯುವುದು ಒಂದು. ಬಿಸಿಲಿಗೆ, ಗಾಳಿಗೆ ರಬ್ಬರು ಬಿರುಸಾಗುವುದು ಇನ್ನೊಂದು. ಟೈರಿನ ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ರಬ್ಬರು ಸವೆದು ಆ ದಿಣ್ಣೆಗೆ ಸಮವಾದರೆ ಗೆರೆಯ ಆಳ 1.6 ಮಿಲಿಮೀಟರಿಗೆ ಬಂತೆಂದು ತಿಳಿಯಿರಿ. ಆ ಟೈರಿಗೆ ಮಳೆಯ ನೀರನ್ನು ಬಗೆದು ರಸ್ತೆಯನ್ನು ಹಿಡಿಯುವ ಶಕ್ತಿ ಇಲ್ಲ. ವಯಸ್ಸನ್ನು ತಿಳಿಯಲು ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿವೆ. 2321 ಎಂದಿದ್ದರೆ 2021ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರಿಗೆ ತೋರಿಸಬೇಕು. ಒಮ್ಮೆಯೂ ನೆಲ ಮುಟ್ಟದ ಸ್ಟೆಪ್ನಿಯನ್ನೂ ಕೂಡ. ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿಯೋ ಪುಸ್ತಕದಲ್ಲಿಯೋ ಬರೆದಿದೆ. ತುಂಬು ಭಾರಕ್ಕೆ ಬೇರೆ ಅಂಕಿ ಇರಬಹುದು, ಅದನ್ನೂ ನೋಡಿ. ಅಳೆಯುವುದು ಟೈರು ತಣ್ಣಗಿರುವಾಗ. ಎಸ್.ಯು.ವಿ. ಎತ್ತರದ ವಾಹನ, ವೇಗದಲ್ಲಿ ಅದರ ಟೈರು ಸಿಡಿದರೆ ತಗ್ಗಿನ ಕಾರಿಗಿಂತ ಸುಲಭವಾಗಿ ಮಗುಚುತ್ತದೆ.

ಉಳಿದವನ್ನು ಚಿಕ್ಕದಾಗಿ ಹೇಳಬಹುದು. ಗಾಳಿ ಶೋಧಕ ಧೂಳಿನ ಊರಿನಲ್ಲಿ ಬೇಗ ತುಂಬುತ್ತದೆ. ಡೀಸೆಲ್ ಶೋಧಕದ ತಳದಲ್ಲಿ ನೀರು ಸೇರಿದ ದೀಪ ಹೊತ್ತಿದರೆ ಅದನ್ನು ತಡಮಾಡದೆ ಬಸಿಸಬೇಕು. ಕೆಲವು ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟ್ ಎಂಬ ಹಲ್ಲಿನ ಪಟ್ಟಿ ಇದೆ; ಅನೇಕ ಎಂಜಿನ್ನುಗಳಲ್ಲಿ ಅದು ಕಡಿದರೆ ವಾಲ್ವುಗಳಿಗೆ ಪಿಸ್ಟನ್ನು ಬಡಿದು ಎಂಜಿನ್ನೇ ಹಾಳಾಗುತ್ತದೆ. ಅದಕ್ಕೂ ಕಿಲೋಮೀಟರು ಮತ್ತು ವರ್ಷ, ಎರಡು ಗಡುವುಗಳಿವೆ. ನಾಲ್ಕು ಚಕ್ರಕ್ಕೂ ಚಾಲನೆಯಿರುವ ವಾಹನ ಹೊಳೆಯನ್ನೋ ನೆರೆಯ ನೀರನ್ನೋ ಆಳವಾಗಿ ಹಾದು ಬಂದಿದ್ದರೆ ಡಿಫರೆನ್ಷಿಯಲ್ ಎಣ್ಣೆಯನ್ನು ನೋಡಿಸಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಒಳಹೊಕ್ಕಿದೆ. ವಿದ್ಯುತ್ತಿನ ಎಸ್.ಯು.ವಿ. ಕೊಂಡವರಿಗೆ ಎಂಜಿನ್ ಆಯಿಲಿನ ಚಿಂತೆ ಇಲ್ಲ. ಬ್ರೇಕಿನ ದ್ರವ, ಕೂಲೆಂಟು, ಟೈರುಗಳ ಚಿಂತೆ ತಪ್ಪಿದ್ದಲ್ಲ.

ಇಷ್ಟನ್ನೆಲ್ಲ ನೆನಪಿಡುವುದು ಹೇಗೆ? ಗೋಡೆಯ ಕ್ಯಾಲೆಂಡರಿನ ಮೇಲೆ ಇಡಿ. ತಿಂಗಳ ಮೊದಲ ಭಾನುವಾರ ಬೆಳಗ್ಗೆ ಐದೂ ಟೈರಿನ ಗಾಳಿ, ಎಂಜಿನ್ ಆಯಿಲು ಮತ್ತು ಕೂಲೆಂಟಿನ ಮಟ್ಟ, ಎಲ್ಲ ದೀಪಗಳು. ಇದನ್ನು ಮನೆಯ ಮಕ್ಕಳಿಗೆ ಒಪ್ಪಿಸಬಹುದು. ಅವರು ಮರೆಯುವುದಿಲ್ಲ, ನಿಮ್ಮನ್ನೂ ಮರೆಯಗೊಡುವುದಿಲ್ಲ. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ವೈಪರಿನ ರಬ್ಬರು, ಬ್ರೇಕು, ಟೈರಿನ ಗೆರೆ. ವರ್ಷದ ಸೇವೆಗೆ ದಿನವೊಂದನ್ನು ಗೊತ್ತುಮಾಡಿಕೊಳ್ಳಬೇಕೆಂದರೆ ಆಯುಧಪೂಜೆಗೆ ಹತ್ತು ದಿನ ಮುಂಚೆ ಎಂದಿಟ್ಟುಕೊಳ್ಳಿ. ಪುಸ್ತಕದ ಗಡುವು ಅದಕ್ಕಿಂತ ಮೊದಲೇ ಬಂದರೆ ಪುಸ್ತಕದ ಮಾತೇ ನಡೆಯಲಿ. ವಿಮೆ ಮತ್ತು ಹೊಗೆ ತಪಾಸಣೆಯ ತಾರೀಖುಗಳನ್ನೂ ಅಲ್ಲೇ ಬರೆಯಿರಿ.

ಸೇವೆಗೆ ಹೋದಾಗ ಪುಸ್ತಕವನ್ನು ಕೈಯಲ್ಲಿ ಹಿಡಿದೇ ಹೋಗಿ. ಜಾಬ್ ಕಾರ್ಡಿಗೆ ಸಹಿ ಹಾಕುವ ಮುಂಚೆ ಕೋಷ್ಟಕದಲ್ಲಿರುವುದೆಲ್ಲ ಅದರಲ್ಲಿದೆಯೇ ನೋಡಿ. ಕೋಷ್ಟಕದಲ್ಲಿಲ್ಲದ ಶುದ್ಧೀಕರಣ, ಲೇಪನ ಮುಂತಾದವು ಸೇರಿದ್ದರೆ ‘ಇದು ಏಕೆ?’ ಎಂದು ಕೇಳಿ. ತಕ್ಕ ಕಾರಣ ಹೇಳಿದರೆ ಮಾಡಿಸಿ, ಇಲ್ಲವಾದರೆ ಬೇಡವೆನ್ನಿ. ಮಾಡಬೇಕಾದದ್ದನ್ನು ಬಿಡದಂತೆ ಕಾಯುವ ಪುಟವೇ ಬೇಡದ ಖರ್ಚಿನಿಂದಲೂ ನಿಮ್ಮನ್ನು ಕಾಯುತ್ತದೆ. ಬಿಲ್ಲುಗಳನ್ನು ತಾರೀಖು ಮತ್ತು ಮೀಟರಿನ ಅಂಕಿಯೊಡನೆ ಒಂದು ಕಡತದಲ್ಲಿ ಕೂಡಿಡಿ. ಮುಂದೆ ವಾಹನವನ್ನು ಮಾರುವ ದಿನ ಅದರ ಬೆಲೆ ನಿಮಗೆ ತಿಳಿಯುತ್ತದೆ.

ಆದರೆ ಬೆಲೆಯ ಮಾತು ಎರಡನೆಯದು. ಶಬ್ದ ಬಂದಾಗ ನೋಡೋಣ, ದೀಪ ಹೊತ್ತಿದಾಗ ನೋಡೋಣ ಎಂದು ಕಾಯುವವರಿಗೆ ಎಂಜಿನ್ನು ಒಂದೆರಡು ಸಲ ಎಚ್ಚರಿಕೆ ಕೊಟ್ಟೀತು. ತೇವ ಹೀರಿದ ಬ್ರೇಕಿನ ದ್ರವ ಕೊಡದು, ಒಳಗೆ ಬಿರುಸಾದ ಟೈರು ಕೊಡದು. ಅವುಗಳ ಪರವಾಗಿ ಮುಂಚಿತವಾಗಿ ಮಾತನಾಡುವುದು ಆ ಕೋಷ್ಟಕವೊಂದೇ. ಈ ವಾರ ಪುಸ್ತಕವನ್ನು ತೆರೆದು, ಬ್ರೇಕಿನ ದ್ರವವನ್ನು ಕಡೆಯ ಬಾರಿ ಬದಲಾಯಿಸಿದ ತಾರೀಖು ಯಾವುದೆಂದು ಹುಡುಕಿ. ತಾರೀಖು ಸಿಗದಿದ್ದರೆ ಕೆಲಸವನ್ನು ಅಲ್ಲಿಂದಲೇ ಪ್ರಾರಂಭಿಸಿ.