ಪ್ರಾರ್ಥನೆಯ ನುಡಿ, ನಾಡಿನ ಗುರುತು

ಹೊಸೂರು ರಸ್ತೆಯ ಬದಿಯ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು, ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವವರು, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಹೋಗುವವರು ಒಂದೇ ಬೀದಿಯಲ್ಲಿ ಬಾಡಿಗೆಗಿರುತ್ತಾರೆ. ಕನ್ನಡ, ತಮಿಳು, ತೆಲುಗು, ಮಲಯಾಳ, ಕೊಂಕಣಿ, ಹಿಂದಿ ಎಲ್ಲವೂ ಅಲ್ಲಿ ಕಿವಿಗೆ ಬೀಳುತ್ತವೆ. ಇಂಥ ಪ್ರದೇಶದ ಕಥೋಲಿಕ ಧರ್ಮಕೇಂದ್ರಕ್ಕೆ ಪ್ರತಿ ಭಾನುವಾರವೂ ಒಂದು ಪ್ರಶ್ನೆ ಎದುರಾಗುತ್ತದೆ: ಯಾವ ಹೊತ್ತಿನ ಪೂಜೆ ಯಾವ ಭಾಷೆಯಲ್ಲಿ? ಮೇಲ್ನೋಟಕ್ಕೆ ಇದು ಬರೀ ವೇಳಾಪಟ್ಟಿ. ಆದರೆ ಬೆಂಗಳೂರಿನ ಕಥೋಲಿಕರನ್ನು ದಶಕಗಳ ಕಾಲ ಕಾಡಿದ ವಿವಾದ ಇದರ ಹಿಂದಿದೆ. ಯುರೋಪಿನ ಕೆಲವು ಸ್ಲಾವ್ ಜನರನ್ನು ರಾಷ್ಟ್ರಗಳನ್ನಾಗಿ ರೂಪಿಸುವುದರಲ್ಲೂ ಇದೇ ಪ್ರಶ್ನೆಯ ಪಾಲಿದೆ.

ಹಳ್ಳಿಯ ಕನ್ನಡ, ದಂಡಿನ ತಮಿಳು

ಕನ್ನಡ ನಾಡಿನ ಒಳಭಾಗದಲ್ಲಿ ಕಥೋಲಿಕ ಧರ್ಮ ಬೇರೂರತೊಡಗಿದ್ದು 17ನೇ ಶತಮಾನದ ನಡುವಿನಲ್ಲಿ. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಫ್ರಾನ್ಸಿನ ಅಬ್ಬೆ ದುಬಾಯ್ ಶ್ರಮಿಸಿದರು. ಕನಕಪುರ ಸೀಮೆಯ ಹಾರೋಬೆಲೆಯಂಥ ಊರುಗಳಲ್ಲಿ ಹೊಲ, ಹಬ್ಬ, ಹಾಡು, ಪ್ರಾರ್ಥನೆ ಎಲ್ಲವೂ ಕನ್ನಡದ್ದೇ. ಅಲ್ಲಿನ ಕಥೋಲಿಕರು ಅಕ್ಕಪಕ್ಕದ ಒಕ್ಕಲು ಮಕ್ಕಳಂತೆಯೇ ಈ ಮಣ್ಣಿನವರು.

ಬೆಂಗಳೂರಿನ ಕಥೋಲಿಕರಿಗೆ ಇನ್ನೊಂದು ಮೂಲವೂ ಇದೆ. 1809ರಲ್ಲಿ ಬ್ರಿಟಿಷರು ದಂಡು ಪ್ರದೇಶ ಕಟ್ಟಿದಾಗ ಸೈನ್ಯದ ಜತೆ ತಮಿಳು ಮಾತಾಡುವ ಸಿಪಾಯಿಗಳು, ಕೆಲಸಗಾರರು, ವ್ಯಾಪಾರಿಗಳು ಬಂದು ನೆಲೆಸಿದರು. ಇಂದು ಶಿವಾಜಿನಗರ ಎನಿಸಿಕೊಂಡಿರುವ ಕಡೆ ಸಂತ ಮರಿಯಮ್ಮನವರ ದೇವಾಲಯ ಅವರ ಭಕ್ತಿಯ ಕೇಂದ್ರವಾಯಿತು. ಮುಂದೆ ಕರಾವಳಿಯಿಂದ ಕೊಂಕಣಿಗರೂ ಕೇರಳದಿಂದ ಮಲಯಾಳಿಗಳೂ ಬಂದರು. 1940ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾದಾಗ ಇವರೆಲ್ಲ ಒಬ್ಬರೇ ಧರ್ಮಾಧ್ಯಕ್ಷರ ಮಂದೆಯಾದರು.

ಲ್ಯಾಟಿನ್ ಸರಿದಾಗ

ಆಗಿನ್ನೂ ಬಲಿಪೂಜೆ ನಡೆಯುತ್ತಿದ್ದುದು ಲ್ಯಾಟಿನ್‌ನಲ್ಲಿ. ಜಪಸರ, ಹಾಡು, ಉಪದೇಶಗಳು ಜನರ ಮಾತಿನಲ್ಲಿದ್ದರೂ ಪೂಜೆಯ ನುಡಿ ಯಾರ ಮನೆಮಾತೂ ಆಗಿರಲಿಲ್ಲ. ಹಾಗಾಗಿ ಜಗಳಕ್ಕೆ ಕಾರಣವೂ ಕಡಿಮೆ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ನುಡಿಗಳಿಗೆ ಬಾಗಿಲು ತೆರೆಯಿತು. ಭಕ್ತರಿಗೆ ಪೂಜೆ ಅರ್ಥವಾಗಲಿ ಎಂಬ ಒಳ್ಳೆಯ ಉದ್ದೇಶದ ಈ ಬದಲಾವಣೆ ಬೆಂಗಳೂರಿನಲ್ಲಿ ಕಷ್ಟದ ಪ್ರಶ್ನೆಯನ್ನು ಎಬ್ಬಿಸಿತು: ಇಲ್ಲಿ ಜನರ ನುಡಿ ಯಾವುದು?

ಕರ್ನಾಟಕದ ಧರ್ಮಸಭೆ ಕನ್ನಡದಲ್ಲಿ ಪ್ರಾರ್ಥಿಸಬೇಕು, ಇಲ್ಲಿ ಸೇವೆ ಮಾಡುವ ಗುರುಗಳಿಗೆ ಕನ್ನಡ ಚೆನ್ನಾಗಿ ಬರಬೇಕು, ಪೀಠದಲ್ಲಿ ಕನ್ನಡಿಗರಿರಬೇಕು ಎಂದು ಕನ್ನಡ ಕಥೋಲಿಕರು ಕೇಳಿದರು. ನಾವೂ ತಲೆಮಾರುಗಳಿಂದ ಇಲ್ಲಿಯವರೇ, ನಮ್ಮ ಪ್ರಾರ್ಥನೆ ತಮಿಳಿನದು ಎಂದು ತಮಿಳರು ಉತ್ತರಿಸಿದರು. ಮನವಿ, ಧರಣಿ, ಮನಸ್ತಾಪ ಬೆಳೆದವು. 1986ರಲ್ಲಿ ಚಿಕ್ಕಮಗಳೂರಿನ ಧರ್ಮಾಧ್ಯಕ್ಷರಾಗಿದ್ದ ಆಲ್ಫೋನ್ಸಸ್ ಮಥಾಯಸ್ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದರು. ಅವರಂಥ ಕರಾವಳಿಯ ಕೊಂಕಣಿ ಮನೆಮಾತಿನವರು ಕನ್ನಡಿಗರ ಲೆಕ್ಕಕ್ಕೆ ಬರುತ್ತಾರೆಯೇ ಎಂಬ ಇನ್ನೊಂದು ಚರ್ಚೆಯೂ ಇದರ ಜತೆಗೇ ಬೆಳೆಯಿತು.

ಈ ಕೊನೆಯ ಪ್ರಶ್ನೆಗೆ ಸಾಹಿತ್ಯ ಸ್ಪಷ್ಟ ಉತ್ತರ ಕೊಟ್ಟಿದೆ. ಮನೆಯಲ್ಲಿ ಕೊಂಕಣಿ, ಬರಹದಲ್ಲಿ ಕನ್ನಡ ಎಂದು ಬಾಳಿದ ಸಾಗರದ ಕಥೋಲಿಕ ಕಾದಂಬರಿಕಾರ ನಾ. ಡಿಸೋಜರನ್ನು 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕನ್ನಡಿಗರು ಮೆರೆಸಿದರು.

ಸ್ಲಾವ್ ನಾಡುಗಳಲ್ಲಿ

ಯುರೋಪಿನಲ್ಲಿ ಈ ಕಥೆ ಬಹಳ ಹಳೆಯದು. 9ನೇ ಶತಮಾನದಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಸೋದರರು ಮೊರಾವಿಯಾದ ಸ್ಲಾವರಿಗೆ ಅವರದೇ ನುಡಿಯಲ್ಲಿ ಆರಾಧನೆ ತಂದರು. 1248ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಕ್ರೊಯೇಷಿಯಾದ ಸೆನ್ ಪಟ್ಟಣದ ಧರ್ಮಾಧ್ಯಕ್ಷರಿಗೆ ಲ್ಯಾಟಿನ್ ಬದಲು ಸ್ಲಾವ್ ನುಡಿಯ ಪೂಜೆಗೆ ಅನುಮತಿ ಕೊಟ್ಟರು.

ಆಧುನಿಕ ಕಾಲಕ್ಕೆ ಬಂದರೆ, 18ನೇ ಶತಮಾನದ ಕೊನೆಗೆ ಪೋಲೆಂಡನ್ನು ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡವು. ನಾಡು ನಕಾಶೆಯಿಂದ ಅಳಿಸಿಹೋದರೂ ಇಗರ್ಜಿಯ ಒಳಗೆ ಪೋಲಿಷ್ ನುಡಿ ಉಳಿಯಿತು. 1901ರಲ್ಲಿ ಪ್ರಷ್ಯಾದ ಆಳ್ವಿಕೆಯಲ್ಲಿದ್ದ ವ್ಜೆಶ್ನ್ಯಾ ಊರಿನ ಶಾಲೆಯಲ್ಲಿ ಧರ್ಮಪಾಠವನ್ನೂ ಜರ್ಮನ್‌ನಲ್ಲಿ ಕಲಿಸಹೊರಟಾಗ ಮಕ್ಕಳು ಬಾಯಿಬಿಡಲಿಲ್ಲ. ಅವರಿಗೆ ಏಟು ಬಿತ್ತು. ಪ್ರತಿಭಟಿಸಿದ ಹೆತ್ತವರು ಜೈಲು ಸೇರಿದರು. ದೇವರ ಜತೆಗಿನ ಮಾತಿಗೂ ಸರ್ಕಾರ ಕೈಹಾಕಿದ ಆ ಗಳಿಗೆಯಲ್ಲಿ ಧರ್ಮ ಮತ್ತು ರಾಷ್ಟ್ರ ಪೋಲಿಷರ ಮನಸ್ಸಿನಲ್ಲಿ ಒಂದಾದವು.

ಆಗ ಹಂಗೇರಿ ರಾಜ್ಯಕ್ಕೆ ಸೇರಿದ್ದ ಸ್ಲೊವಾಕಿಯಾದ ಚೆರ್ನೊವಾ ಹಳ್ಳಿಯದು ಇನ್ನೂ ದಾರುಣ ಕಥೆ. ಊರವರು ಇಗರ್ಜಿ ಕಟ್ಟಿ, ತಮ್ಮೂರಿನಲ್ಲೇ ಹುಟ್ಟಿದ ಗುರು ಆಂದ್ರೆಯ್ ಹ್ಲಿಂಕಾ ಅವರೇ ಅದನ್ನು ಪ್ರತಿಷ್ಠೆ ಮಾಡಬೇಕೆಂದು ಬಯಸಿದರು. ಸ್ಲೊವಾಕರ ಹಕ್ಕಿನ ಪರ ನಿಂತಿದ್ದ ಹ್ಲಿಂಕಾ ಆಗ ಅಮಾನತಿನಲ್ಲಿದ್ದರು. ಮೇಲಿನವರು ಬೇರೆ ಗುರುಗಳನ್ನು ಕಳಿಸಿದರು. 1907ರ ಅಕ್ಟೋಬರ್ 27ರಂದು ದಾರಿಗೆ ಅಡ್ಡನಿಂತ ಜನರ ಮೇಲೆ ಹಂಗೇರಿಯ ಪೊಲೀಸರು ಗುಂಡು ಹಾರಿಸಿದರು. 15 ಜನ ಸತ್ತರು. ಕೊಂದವರು, ಸತ್ತವರು ಒಂದೇ ರಾಜ್ಯದ ಪ್ರಜೆಗಳು.

ಆ ನೋವಿನಿಂದ ಬಲ ಪಡೆದ ಹ್ಲಿಂಕಾರ ಪಕ್ಷ ಮುಂದೆ ಎಲ್ಲಿಗೆ ಹೋಯಿತು ಎಂಬುದನ್ನು ಮರೆಯಬಾರದು. ಅವರ ನಂತರ ಪಕ್ಷದ ಚುಕ್ಕಾಣಿ ಹಿಡಿದವರೂ ಕಥೋಲಿಕ ಗುರುವೇ, ಯೋಸೆಫ್ ತಿಸೊ. ಅವರು 1939ರಿಂದ ನಾಜಿಗಳ ನೆರಳಿನಲ್ಲಿ ಸ್ಲೊವಾಕಿಯಾವನ್ನು ಆಳಿದರು. ಆ ಸರ್ಕಾರ 1942ರಲ್ಲಿ ಸುಮಾರು 58,000 ಯೆಹೂದಿಗಳನ್ನು ಗಡೀಪಾರು ಮಾಡಿತು, ಅವರಲ್ಲಿ ಬಹುಪಾಲು ಜನ ಹಿಂತಿರುಗಲಿಲ್ಲ. ತುಳಿತಕ್ಕೊಳಗಾದ ಗುರುತು ಒಂದೇ ತಲೆಮಾರಿನಲ್ಲಿ ತುಳಿಯುವ ಗುರುತಾಯಿತು.

ನಮಗೆ ಇದರಿಂದ ತಿಳಿಯುವುದೇನು

ಬೆಂಗಳೂರಿನ ವಿವಾದವನ್ನು ಪೋಲೆಂಡಿನ ಕಥೆಯ ಜತೆ ಸಮ ಮಾಡಲಾಗದು. ಅಲ್ಲಿ ಪರಕೀಯ ಸರ್ಕಾರವೊಂದು ನುಡಿಯ ಮೇಲೆ ಕೈಮಾಡಿತ್ತು, ಇಲ್ಲಿರುವುದು ಒಂದೇ ನಂಬಿಕೆಯ ನೆರೆಹೊರೆಯವರ ನಡುವಿನ ತಕರಾರು. ಅದೂ ತೊಡಕಿನದು. ರಾಜ್ಯದಲ್ಲಿ ಕನ್ನಡಿಗರು ಬಹುಸಂಖ್ಯಾತರು, ತಮಿಳರು ಅಲ್ಪಸಂಖ್ಯಾತರು. ಆದರೆ ನಗರದ ಎಷ್ಟೋ ಇಗರ್ಜಿಗಳ ಒಳಗೆ ಕನ್ನಡ ಕಥೋಲಿಕರೇ ತಮ್ಮನ್ನು ಕಡೆಗಣಿಸಲಾಗಿದೆ ಎಂದು ನೊಂದರು. ಹೀಗೆ ಎರಡೂ ಕಡೆಯವರು ತಮ್ಮನ್ನು ಸಣ್ಣ ಗುಂಪೆಂದೇ ಭಾವಿಸಿದಾಗ ಅಂಜಿಕೆ ಬೇಗ ಸಿಟ್ಟಾಗುತ್ತದೆ.

ಆದರೂ ವ್ಜೆಶ್ನ್ಯಾದ ಮಕ್ಕಳು ಹೇಳಿದ ಸತ್ಯ ಇಲ್ಲಿಗೂ ಸಲ್ಲುತ್ತದೆ: ಅಮ್ಮನ ಮಡಿಲಲ್ಲಿ ಕಲಿತ ನುಡಿಯಲ್ಲಿ ದೇವರನ್ನು ಕರೆಯುವುದು ಯಾರೂ ಕೊಡಬೇಕಾದ ಭಿಕ್ಷೆಯಲ್ಲ. ಹಾರೋಬೆಲೆಯಿಂದ ಕೆಲಸ ಹುಡುಕಿ ನಗರದ ಅಂಚಿಗೆ ಬಂದವರಿಗೆ ತಮ್ಮ ನಾಡಿನಲ್ಲೇ ಕನ್ನಡದ ಪೂಜೆ ಸಿಗದಿದ್ದರೆ ಅದು ಅನ್ಯಾಯ. ಮೂರು ತಲೆಮಾರಿನಿಂದ ಇಲ್ಲಿರುವ ತಮಿಳು ಕುಟುಂಬದ ಜಪವನ್ನು ನಿಲ್ಲಿಸುವುದೂ ಅಷ್ಟೇ ಅನ್ಯಾಯ. ಇಲ್ಲಿ ಸೇವೆಗೆ ಬರುವ ಪ್ರತಿಯೊಬ್ಬ ಗುರುವೂ ಚಿನ್ನಾಮಿಯಂತೆ ಕನ್ನಡ ಕಲಿಯಲಿ, ವಲಸೆ ಬಂದವರ ಮಕ್ಕಳಿಗೆ ಧರ್ಮೋಪದೇಶದ ಜತೆ ಕನ್ನಡವೂ ಸಿಗಲಿ, ಬಂದವರ ನುಡಿಗೂ ಒಂದು ಹೊತ್ತು ಇರಲಿ. ನಾಡಿನ ನುಡಿಗೆ ಮೊದಲ ಮಣೆ ಹಾಕುವುದು ನ್ಯಾಯ. ಅದೊಂದಕ್ಕೇ ಮಣೆ ಎಂದು ಹಟ ಹಿಡಿದ ದಿನ ಆ ನ್ಯಾಯ ಕೈತಪ್ಪುತ್ತದೆ.